ಸೈಟಿನ ಡೀಬಗ್ ಲಾಗ್ ಆನ್ ಮಾಡುವುದು, ಆಫ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಮಲೆನಾಡಿನ ಸಣ್ಣ ಸೈಟುಗಳ ಮಾಲೀಕರಿಗಾಗಿ. ತೀರ್ಥಹಳ್ಳಿಯ ಹೋಮ್‌ಸ್ಟೇ, ಸಾಗರದ ಗಂಧದ ಕೆತ್ತನೆ ಅಂಗಡಿ, ಶಿವಮೊಗ್ಗದ ಅಡಿಕೆ ಮಂಡಿ, ಕೊಪ್ಪದಲ್ಲಿ ಕಾಳುಮೆಣಸು ಮಾರುವವರು. ಇಂಥವರ ಸೈಟು ಹೆಚ್ಚಾಗಿ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ಸೈಟುಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್), ವರ್ಡ್‌ಪ್ರೆಸ್ (ಸೈಟು ಕಟ್ಟುವ ತಂತ್ರಾಂಶ) ಮೇಲೆ ಓಡುತ್ತಿರುತ್ತದೆ. ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ. ಸೈಟು ಕೈಕೊಟ್ಟ ದಿನ ಏನಾಗಿದೆ ಎಂದು ಹೇಳುವವರೇ ಇರುವುದಿಲ್ಲ. ಆ ದಿನ ನಿಮ್ಮ ಕೈಯಲ್ಲೇ ಒಂದು ದಾರಿ ಇರಲಿ ಎಂದು ಇದನ್ನು ಬರೆದಿದ್ದೇವೆ.

ಫೈಲುಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇವೆ. ನಿಮ್ಮ ಸರ್ವರ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಓದಿದ ಹಾಗೇ ಹುಡುಕಿದರೆ ಸಿಗುತ್ತವೆ.

ಡೀಬಗ್ ಲಾಗ್ ಅಂದರೆ ಏನು? ನನಗೆ ಅದು ಯಾಕೆ ಬೇಕು?

ಸೈಟಿನ ಕೋಡ್ ಓಡುವಾಗ ಎಲ್ಲಿ ಎಡವಿತು ಎಂಬುದನ್ನು ಸರ್ವರ್ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅದೇ ಲಾಗ್. ಮಾಮೂಲಿ ದಿನಗಳಲ್ಲಿ ಅದು ದೊಡ್ಡ ತಪ್ಪುಗಳನ್ನು ಮಾತ್ರ ಬರೆಯುತ್ತದೆ, ಅಥವಾ ಏನನ್ನೂ ಬರೆಯುವುದಿಲ್ಲ. ಡೀಬಗ್ ಆನ್ ಮಾಡಿದರೆ ಚಿಕ್ಕಪುಟ್ಟ ಎಚ್ಚರಿಕೆಗಳನ್ನೂ ಬಿಡದೆ ಬರೆಯುತ್ತದೆ.

ಪುಟ ಬಿಳಿ ಬಿಳಿಯಾಗಿ ತೆರೆದುಕೊಂಡರೆ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಹೊತ್ತಿಗೆ ಲಾಗ್‌ನಲ್ಲಿ ಯಾವ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ), ಯಾವ ಫೈಲ್, ಎಷ್ಟನೇ ಸಾಲು ಎಂದು ಬಿದ್ದಿರುತ್ತದೆ. ಆ ಒಂದು ಸಾಲು ಕೈಯಲ್ಲಿದ್ದರೆ ರಿಪೇರಿ ಮಾಡುವವರ ಅರ್ಧ ಕೆಲಸ ಮುಗಿದ ಹಾಗೆ.

ಹಾಗಾದರೆ ಯಾವಾಗಲೂ ಆನ್ ಇಟ್ಟುಬಿಡಬಹುದಲ್ವಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಮೊದಲ ಕಾರಣ ಗುಟ್ಟು. ಲಾಗ್‌ನಲ್ಲಿ ತಪ್ಪುಗಳ ಜೊತೆಗೆ ಸರ್ವರ್‌ನ ಒಳದಾರಿ, ಡೇಟಾಬೇಸ್ ಟೇಬಲ್‌ಗಳ ಹೆಸರು, ಕೆಲವೊಮ್ಮೆ ಗ್ರಾಹಕರ ಇಮೇಲ್, ಫೋನ್ ನಂಬರ್ ಕೂಡ ಬಿದ್ದಿರುತ್ತವೆ. ವರ್ಡ್‌ಪ್ರೆಸ್ ತಾನಾಗಿ ಬರೆಯುವ ಡೀಬಗ್.ಲಾಗ್ ಫೈಲ್ ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್‌ನಲ್ಲಿ ಕೂರುತ್ತದೆ. ಹೋಸ್ಟಿಂಗ್‌ನವರು ತಡೆ ಹಾಕಿಲ್ಲದಿದ್ದರೆ ಆ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದ ಯಾರಿಗೆ ಬೇಕಾದರೂ ಅದು ತೆರೆದುಕೊಳ್ಳುತ್ತದೆ. ಹೋಮ್‌ಸ್ಟೇ ಅತಿಥಿಗಳ ರಿಜಿಸ್ಟರನ್ನು ರಸ್ತೆ ಬದಿಯ ಗೇಟಿಗೆ ಕಟ್ಟಿಟ್ಟ ಹಾಗೆ. ಎಲ್ಲ ವರ್ಡ್‌ಪ್ರೆಸ್ ಸೈಟುಗಳಲ್ಲೂ ವಿಳಾಸ ಒಂದೇ ಆದ್ದರಿಂದ ಹುಡುಕುವವರಿಗೆ ಕಷ್ಟವೇ ಇಲ್ಲ. ದಿನವಿಡೀ ಅದನ್ನೇ ತಟ್ಟಿ ನೋಡುವ ಬಾಟ್‌ಗಳು, ಅಂದರೆ ತಾವಾಗಿ ಓಡುವ ಪ್ರೋಗ್ರಾಂಗಳು, ಇವೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಲೈಟ್‌ಸ್ಪೀಡ್ ಕ್ಯಾಶ್ ಎಂಬ ಪ್ಲಗಿನ್‌ನಲ್ಲಿ ಇಂಥದ್ದೇ ದೋಷ ಹೊರಬಿತ್ತು. 50 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಇರುವ ಪ್ಲಗಿನ್ ಅದು. ಅದರ ಡೀಬಗ್ ಆನ್ ಇದ್ದಾಗ ಲಾಗಿನ್ ಆದವರ ಕುಕಿಗಳೂ (ಇವರು ಲಾಗಿನ್ ಆಗಿದ್ದಾರೆ ಎಂದು ಗುರುತಿಸುವ ಚೀಟಿಗಳು) ಲಾಗ್ ಫೈಲಿಗೆ ಹೋಗಿ ಬೀಳುತ್ತಿದ್ದವು. ಆ ಕುಕಿ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆಯೇ ಅಡ್ಮಿನ್ ಆಗಿ ಒಳಗೆ ನುಗ್ಗಬಹುದು. ಗಮನಿಸಬೇಕಾದ ಮಾತು ಇದು: ಡೀಬಗ್ ಆಗ ಆನ್ ಇರಲೇಬೇಕು ಅಂತಿರಲಿಲ್ಲ. ಹಿಂದೆ ಯಾವಾಗಲೋ ಆನ್ ಮಾಡಿ, ಆಫ್ ಮಾಡಿ, ಹಳೆಯ ಫೈಲನ್ನು ಅಲ್ಲೇ ಬಿಟ್ಟಿದ್ದ ಸೈಟುಗಳಿಗೂ ಅಪಾಯ ಇತ್ತು. 6.5.0.1 ಆವೃತ್ತಿಯಲ್ಲಿ ಅದನ್ನು ಸರಿ ಮಾಡಿದರು. ನಿಮ್ಮಲ್ಲಿ ಅದಕ್ಕಿಂತ ಹಳೆಯದು ಇದ್ದರೆ ಇವತ್ತೇ ಅಪ್‌ಡೇಟ್ ಮಾಡಿ, ಹಳೆಯ ಲಾಗ್ ಅಳಿಸಿ.

ದೊಡ್ಡವರಿಗೂ ಇದು ತಪ್ಪಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿ ಎಂದು ಹೇಳಿತು. ಪಾಸ್‌ವರ್ಡ್‌ಗಳು ಇದ್ದ ಹಾಗೇ ಅವರ ಒಳಗಿನ ಲಾಗ್ ಒಂದರಲ್ಲಿ ಸೇರಿಕೊಂಡಿದ್ದವು.

ಎರಡನೇ ಕಾರಣ ಜಾಗ. ವರ್ಡ್‌ಪ್ರೆಸ್‌ನ ಡೀಬಗ್.ಲಾಗ್ ತಾನಾಗಿ ಖಾಲಿ ಆಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸೈಟಿಗೂ ಮೇಲ್‌ಗೂ ಸಾಮಾನ್ಯವಾಗಿ ಒಂದೇ ಕೋಟಾ. ಅದು ತುಂಬಿದ ದಿನ ನಿಮ್ಮ ಮೇಲ್‌ಬಾಕ್ಸ್‌ಗೆ ಬರಬೇಕಾದ ಪತ್ರಗಳು ವಾಪಸ್ ಹೋಗುತ್ತವೆ, ಫೋಟೋ ಅಪ್‌ಲೋಡ್ ಆಗುವುದಿಲ್ಲ. ಜೋಗದ ನೀರು ನೋಡಲು ಜನ ಬರುವ ಮಳೆಗಾಲದ ವಾರಾಂತ್ಯದಲ್ಲಿ ಹೀಗಾದರೆ ನಷ್ಟ ಜಾಸ್ತಿ.

ವರ್ಡ್‌ಪ್ರೆಸ್‌ನಲ್ಲಿ ಆನ್ ಮಾಡುವುದು ಹೇಗೆ?

ಹೋಸ್ಟಿಂಗ್‌ನ ಸಿಪ್ಯಾನೆಲ್‌ಗೆ (ಹೋಸ್ಟಿಂಗ್ ನಿರ್ವಹಿಸುವ ಪುಟ) ಲಾಗಿನ್ ಆಗಿ ಫೈಲ್ ಮ್ಯಾನೇಜರ್ ತೆರೆಯಿರಿ. ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್ ಒಳಗೆ ಡಬ್ಲ್ಯೂಪಿ-ಕಾನ್ಫಿಗ್.ಪಿಎಚ್‌ಪಿ ಎಂಬ ಫೈಲ್ ಇರುತ್ತದೆ. ಕೈ ಹಾಕುವ ಮುಂಚೆ ಅದರ ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರ್‌ಗೆ ಡೌನ್‌ಲೋಡ್ ಮಾಡಿಕೊಳ್ಳಿ. ಸರ್ವರ್‌ನಲ್ಲೇ ಬೇರೆ ಹೆಸರಿನಲ್ಲಿ ಪ್ರತಿ ಇಡಬೇಡಿ. ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುತ್ತದೆ, ಹೆಸರಿನ ಕೊನೆ ಬದಲಾದರೆ ಹೊರಗಿನವರು ಅದನ್ನು ಓದುವಂತಾಗಬಹುದು.

ಫೈಲ್ ಒಳಗೆ ಡಬ್ಲ್ಯೂಪಿ_ಡೀಬಗ್ ಎಂಬ ಸಾಲನ್ನು ಹುಡುಕಿ. ಹೆಚ್ಚಿನ ಸೈಟುಗಳಲ್ಲಿ ಅದು ಮೊದಲೇ ಇರುತ್ತದೆ, ಅದರ ಮುಂದೆ ಫಾಲ್ಸ್, ಅಂದರೆ ಆಫ್, ಎಂದಿರುತ್ತದೆ. ಅದನ್ನು ಟ್ರೂ ಮಾಡಿ. ಅದರ ಕೆಳಗೆ ಅದೇ ರೀತಿಯಲ್ಲಿ ಇನ್ನೆರಡು ಸಾಲು ಸೇರಿಸಿ. ಡಬ್ಲ್ಯೂಪಿ_ಡೀಬಗ್_ಲಾಗ್ ಟ್ರೂ, ಡಬ್ಲ್ಯೂಪಿ_ಡೀಬಗ್_ಡಿಸ್‌ಪ್ಲೇ ಫಾಲ್ಸ್. ಸೇವ್ ಮಾಡಿ, ತೊಂದರೆ ಕೊಡುತ್ತಿದ್ದ ಪುಟವನ್ನು ಇನ್ನೊಮ್ಮೆ ತೆರೆಯಿರಿ.

ಮೂರನೆಯದನ್ನು ಮರೆಯಬೇಡಿ. ಡೀಬಗ್ ಆನ್ ಆದ ಕೂಡಲೇ ತಪ್ಪುಗಳನ್ನು ಪುಟದ ಮೇಲೇ ತೋರಿಸುವುದು ವರ್ಡ್‌ಪ್ರೆಸ್‌ನ ಅಭ್ಯಾಸ. ಡಿಸ್‌ಪ್ಲೇ ಫಾಲ್ಸ್ ಮಾಡದಿದ್ದರೆ ರೂಮ್ ಬುಕ್ ಮಾಡಲು ಬಂದವರಿಗೆ ಸರ್ವರ್‌ನ ಒಳದಾರಿಗಳ ದರ್ಶನವಾಗುತ್ತದೆ.

ಲಾಗ್ ಎಲ್ಲಿ ಬೀಳಬೇಕು ಎಂದೂ ನೀವೇ ಹೇಳಬಹುದು. 2019ರಲ್ಲಿ ಬಂದ ವರ್ಡ್‌ಪ್ರೆಸ್ 5.1ರಿಂದ ಟ್ರೂ ಎನ್ನುವ ಜಾಗದಲ್ಲಿ ಫೈಲಿನ ಪೂರ್ತಿ ದಾರಿಯನ್ನೇ ಕೊಡಲು ಬರುತ್ತದೆ. ಪಬ್ಲಿಕ್_ಎಚ್‌ಟಿಎಂಎಲ್‌ನ ಹೊರಗೆ ಒಂದು ಫೋಲ್ಡರ್ ಮಾಡಿ ಅದರ ದಾರಿ ಕೊಟ್ಟರೆ ಬ್ರೌಸರ್‌ನಿಂದ ಅಲ್ಲಿಗೆ ಯಾರೂ ತಲುಪಲಾರರು. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ನಮ್ಮ ಮಟ್ಟಿಗೆ ಇದೇ ಸರಿಯಾದ ಕ್ರಮ.

ಸಾಲು ಬದಲಿಸಿ ಸೇವ್ ಮಾಡಿದೆ. ಸೈಟು ಪೂರ್ತಿ ನಿಂತುಹೋಯಿತು!

ಗಾಬರಿ ಬೇಡ. ಡೌನ್‌ಲೋಡ್ ಮಾಡಿಟ್ಟ ಹಳೆಯ ಫೈಲನ್ನು ವಾಪಸ್ ಹಾಕಿ, ಸೈಟು ಮೇಲೇಳುತ್ತದೆ. ಆಮೇಲೆ ನಿಧಾನವಾಗಿ ನೋಡಿ. ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋಗಿರುತ್ತದೆ, ಇಲ್ಲವೇ ಉದ್ಧರಣ ಚಿಹ್ನೆ ತಪ್ಪಿರುತ್ತದೆ. ಫೋನಿನಿಂದ ಟೈಪ್ ಮಾಡಿದಾಗ ನೆಟ್ಟಗಿನ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬೀಳುವುದುಂಟು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಸರ್ವರ್‌ಗೆ ಮಾತ್ರ ಅಲ್ಲ. ಆದಷ್ಟು ಕಂಪ್ಯೂಟರ್‌ನಲ್ಲೇ ಈ ಕೆಲಸ ಮಾಡಿ.

ನಮ್ಮ ಕಡೆಯ ಇನ್ನೊಂದು ಕಾರಣ ಮಳೆ. ಎಫ್‌ಟಿಪಿಯಲ್ಲಿ ಫೈಲ್ ಕಳಿಸುತ್ತಿರುವಾಗ ಕರೆಂಟ್ ಹೋಗಿ ನೆಟ್ ಕಡಿದರೆ ಅರ್ಧ ಫೈಲ್ ಮಾತ್ರ ಹೋಗಿ ಕೂರುತ್ತದೆ. ಆಗಲೂ ಸೈಟು ನಿಲ್ಲುತ್ತದೆ. ಲೈನ್ ಬಂದ ಮೇಲೆ ಮತ್ತೆ ಪೂರ್ತಿ ಕಳಿಸಿ.

ಆನ್ ಮಾಡಿದ್ದೇನೆ. ಲಾಗ್ ಫೈಲೇ ಕಾಣುತ್ತಿಲ್ಲವಲ್ಲ?

ಮೊದಲ ತಪ್ಪು ಬೀಳುವ ತನಕ ಫೈಲ್ ಹುಟ್ಟುವುದೇ ಇಲ್ಲ. ಕೆಟ್ಟ ಪುಟವನ್ನು ತೆರೆದು ಮತ್ತೆ ನೋಡಿ. ಕ್ಯಾಶ್ ಪ್ಲಗಿನ್ ಇದ್ದರೆ ಹಳೆಯ ಪುಟವನ್ನೇ ಎತ್ತಿ ಕೊಡುತ್ತಿರುತ್ತದೆ, ಕೋಡ್ ಓಡಿಯೇ ಇರುವುದಿಲ್ಲ. ಕ್ಯಾಶ್ ಖಾಲಿ ಮಾಡಿ.

ಆದರೂ ಇಲ್ಲವೇ? ಸಾಲುಗಳನ್ನು ಎಲ್ಲಿ ಹಾಕಿದ್ದೀರಿ ನೋಡಿ. ಫೈಲಿನ ಕೊನೆಯ ಹತ್ತಿರ "ಇಲ್ಲಿಗೆ ಸಾಕು, ಎಡಿಟ್ ಮಾಡುವುದು ನಿಲ್ಲಿಸಿ" ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲಿದೆ. ಅದರ ಕೆಳಗೆ ಬರೆದದ್ದು ಕೆಲಸಕ್ಕೆ ಬರುವುದಿಲ್ಲ. ಒಂದೇ ಹೆಸರನ್ನು ಎರಡು ಕಡೆ ಬರೆದಿದ್ದರೆ ಮೊದಲು ಬರುವುದೇ ಲೆಕ್ಕಕ್ಕೆ ಬರುತ್ತದೆ. ಮೇಲೆ ಫಾಲ್ಸ್ ಇದ್ದು ಕೆಳಗೆ ಟ್ರೂ ಸೇರಿಸಿದ್ದರೆ ಡೀಬಗ್ ಆಫ್ ಆಗಿಯೇ ಇರುತ್ತದೆ.

ಇವೆಲ್ಲ ಸರಿ ಇದ್ದರೆ ಹೋಸ್ಟಿಂಗ್‌ನವರು ಲಾಗ್ ಅನ್ನು ಬೇರೆ ಕಡೆ ತಿರುಗಿಸಿರಬಹುದು. ಸಿಪ್ಯಾನೆಲ್‌ನ ಮೆಟ್ರಿಕ್ಸ್ ಭಾಗದಲ್ಲಿ ಎರರ್ಸ್ ಎಂಬುದನ್ನು ಒತ್ತಿ ನೋಡಿ, ಅಥವಾ ಪಬ್ಲಿಕ್_ಎಚ್‌ಟಿಎಂಎಲ್‌ನಲ್ಲೇ ಎರರ್_ಲಾಗ್ ಎಂಬ ಫೈಲ್ ಇದೆಯಾ ನೋಡಿ.

ಫೈಲ್ ತೆರೆದೆ. ತಲೆಬುಡ ಅರ್ಥ ಆಗಲಿಲ್ಲ.

ಕೊನೆಯಿಂದ ಓದಿ. ಹೊಸದು ಯಾವಾಗಲೂ ಕೆಳಗಿರುತ್ತದೆ. ಸಾಮಾನ್ಯವಾಗಿ ಒಂದು ತಪ್ಪಿನ ಸಾಲಿನಲ್ಲಿ ಮೊದಲು ಸಮಯ, ಆಮೇಲೆ ತಪ್ಪಿನ ಬಗೆ, ಆಮೇಲೆ ಏನಾಯಿತು, ಕೊನೆಗೆ ಫೈಲಿನ ದಾರಿ ಮತ್ತು ಸಾಲಿನ ಸಂಖ್ಯೆ.

ಬಗೆಗಳಲ್ಲಿ ಫೇಟಲ್ ಮತ್ತು ಪಾರ್ಸ್ ಎಂಬ ಎರಡು ಸೈಟನ್ನು ನಿಲ್ಲಿಸುವಂಥವು. ವಾರ್ನಿಂಗ್ ಇದ್ದರೆ ಎಲ್ಲೋ ಒಂದು ಭಾಗ ಸರಿ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ನೋಟಿಸ್, ಡೆಪ್ರಿಕೇಟೆಡ್ ಎಂಬುವನ್ನು ಸದ್ಯಕ್ಕೆ ದಾಟಿ ಹೋಗಿ.

ಇನ್ನು ಫೈಲಿನ ದಾರಿ. ಅದರಲ್ಲಿ ಪ್ಲಗಿನ್ಸ್ ಎಂಬ ಫೋಲ್ಡರ್ ಬಂದರೆ ಮುಂದಿನ ಹೆಸರೇ ಕಳ್ಳ, ಅಂದರೆ ಆ ಪ್ಲಗಿನ್. ಥೀಮ್ಸ್ ಎಂದು ಬಂದರೆ ನಿಮ್ಮ ಥೀಮ್, ಅಂದರೆ ಸೈಟಿನ ವಿನ್ಯಾಸ. ಒಂದು ಉದಾಹರಣೆ ನೋಡೋಣ. ಮಂಡಿಯ ಸೈಟಿನಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ದರ ತೋರಿಸುವ ಹಳೆಯ ಪ್ಲಗಿನ್ ಇದೆ ಎಂದುಕೊಳ್ಳಿ. ಹೋಸ್ಟಿಂಗ್‌ನವರು ಪಿಎಚ್‌ಪಿಯನ್ನು (ವರ್ಡ್‌ಪ್ರೆಸ್ ಬರೆದಿರುವ ಕೋಡ್ ಭಾಷೆ) 7.4ರಿಂದ 8ಕ್ಕೆ ಏರಿಸುತ್ತಾರೆ. ಮರುದಿನ ದರದ ಪುಟ ಬಿಳಿ. ಲಾಗ್‌ನಲ್ಲಿ ಕ್ರಿಯೇಟ್_ಫಂಕ್ಷನ್ ಎಂಬುದು ಸಿಗುತ್ತಿಲ್ಲ ಎಂಬ ಫೇಟಲ್ ಸಾಲು, ಪಕ್ಕದಲ್ಲಿ ಪ್ಲಗಿನ್‌ನ ಹೆಸರು. ಪಿಎಚ್‌ಪಿ 8ರಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿದ್ದಾರೆ. ಪ್ಲಗಿನ್ ಅಪ್‌ಡೇಟ್ ಮಾಡಬೇಕು, ಇಲ್ಲವೇ ಬೇರೆಯದು ಹಾಕಬೇಕು. ಇಷ್ಟು ಗೊತ್ತಾಗಲು ಕೋಡ್ ಬರೆಯಲು ಬರಬೇಕಾಗಿಲ್ಲ.

ಇನ್ನೊಂದು ಸಾಮಾನ್ಯವಾದ ಸಾಲಿನಲ್ಲಿ 134217728 ಬೈಟ್ ಮುಗಿಯಿತು ಎಂದಿರುತ್ತದೆ. ಅದು 128 ಎಂಬಿ. ಸೈಟಿಗೆ ಕೊಟ್ಟ ಮೆಮೊರಿ ಸಾಲದಾಯಿತು. ಅದನ್ನು ಏರಿಸಲು ಹೋಸ್ಟಿಂಗ್‌ನವರನ್ನು ಕೇಳಬಹುದು, ಆದರೆ ಮೊದಲು ಯಾವ ಪ್ಲಗಿನ್ ಅಷ್ಟು ನುಂಗುತ್ತಿದೆ ನೋಡುವುದು ಒಳ್ಳೆಯದು.

ಡೆಪ್ರಿಕೇಟೆಡ್ ಎಂಬ ಸಾಲುಗಳೇ ಸಾವಿರಾರು ಇವೆ. ಸೈಟು ಹಾಳಾಗಿದೆಯಾ?

ಇಲ್ಲ. ಮುಂದೆ ಯಾವಾಗಲೋ ನಿಂತುಹೋಗುವ ಹಳೆಯ ರೀತಿಯನ್ನು ಕೋಡ್ ಬಳಸುತ್ತಿದೆ ಎಂಬ ಮುನ್ಸೂಚನೆ ಅಷ್ಟೇ. 2022ರ ಡಿಸೆಂಬರ್‌ನಲ್ಲಿ ಪಿಎಚ್‌ಪಿ 8.2 ಬಂದ ಮೇಲೆ ಇಂಥ ಸಾಲುಗಳು ಜಾಸ್ತಿಯಾದವು. ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಹೋದಂತೆ ಕಡಿಮೆಯಾಗುತ್ತವೆ.

ಸಂಜೆ 7:45ಕ್ಕೆ ಬುಕಿಂಗ್ ಕೆಟ್ಟಿತು. ಲಾಗ್‌ನಲ್ಲಿ ಆ ಸಮಯವೇ ಇಲ್ಲ.

ಸಮಯದ ಪಕ್ಕ ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದಿದೆಯಾ? ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಂಜೆ 7:45 ಎಂದರೆ ಲಾಗ್‌ನಲ್ಲಿ 14:15. ಬೆಳಗಿನ ಜಾವ 4 ಗಂಟೆಯದು ಹಿಂದಿನ ದಿನದ 22:30ರಲ್ಲಿ ಇರುತ್ತದೆ.

ಆಕ್ಸೆಸ್ ಲಾಗ್‌ನಲ್ಲಿ (ಯಾರು ಯಾವ ಪುಟ ತೆರೆದರು ಎಂಬ ದಾಖಲೆ) ಶೇಕಡಾ ಗುರುತುಗಳ ದೊಡ್ಡ ಸಾಲು ಇದೆ. ವೈರಸ್ಸಾ?

ಹೆಚ್ಚಾಗಿ ಅಲ್ಲ. ಪುಟದ ವಿಳಾಸ ಕನ್ನಡದಲ್ಲಿದ್ದರೆ ಲಾಗ್‌ನಲ್ಲಿ ಅದು ಹಾಗೇ ಕಾಣುವುದು. ಕನ್ನಡದ ಒಂದೊಂದು ಅಕ್ಷರ ಅಥವಾ ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ ಮೂರು ಗುರುತುಗಳಾಗಿ ಬೀಳುತ್ತದೆ. ಅಂದರೆ ಒಂದು ಚಿಹ್ನೆಗೆ ಒಂಬತ್ತು. ಶೇಕಡಾ ಗುರುತು, ಇ, ಸೊನ್ನೆ, ಆಮೇಲೆ ಮತ್ತೆ ಶೇಕಡಾ ಗುರುತು, ಬಿ, 2 ಅಥವಾ 3 ಎಂದು ಶುರುವಾಗುತ್ತಿದ್ದರೆ ಅದು ಕನ್ನಡ.

ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ 200 ಗುರುತುಗಳ ಮಿತಿ ಇಟ್ಟಿದೆ. ಹಾಗಾಗಿ ಕನ್ನಡದಲ್ಲಿ ಸುಮಾರು 22 ಚಿಹ್ನೆಗಳಿಗೇ ಅದು ಮುಗಿಯುತ್ತದೆ. ಉದ್ದದ ಶೀರ್ಷಿಕೆ ಇಟ್ಟಾಗ ವಿಳಾಸ ಅರ್ಧಕ್ಕೆ ತುಂಡಾಗುವುದು ಇದರಿಂದಲೇ. ಕನ್ನಡದಲ್ಲೇ ವಿಳಾಸ ಇಡಿ, ಆದರೆ ಚಿಕ್ಕದಾಗಿ ಇಡಿ.

ಕೆಲಸ ಮುಗಿಯಿತು. ಆಫ್ ಮಾಡುವುದು ಹೇಗೆ?

ಡಬ್ಲ್ಯೂಪಿ_ಡೀಬಗ್ ಸಾಲನ್ನು ಮತ್ತೆ ಫಾಲ್ಸ್ ಮಾಡಿ, ಸೇವ್ ಮಾಡಿ. ಇಲ್ಲೊಂದು ಸಣ್ಣ ಬಲೆ ಇದೆ. ಫಾಲ್ಸ್ ಪದಕ್ಕೆ ಉದ್ಧರಣ ಚಿಹ್ನೆ ಹಾಕಬಾರದು. ಹಾಕಿದರೆ ಪಿಎಚ್‌ಪಿ ಅದನ್ನು ಬರೀ ಒಂದು ಪದ ಎಂದು ತಿಳಿದು ಟ್ರೂ ಎಂದೇ ಲೆಕ್ಕ ಹಾಕುತ್ತದೆ. ನೀವು ಆಫ್ ಮಾಡಿದೆ ಎಂದುಕೊಂಡಿರುತ್ತೀರಿ, ಲಾಗ್ ಮಾತ್ರ ಬೆಳೆಯುತ್ತಿರುತ್ತದೆ.

ಆಮೇಲೆ ಲಾಗ್ ಫೈಲನ್ನು ಅಳಿಸಿ. ಬೇಕಾದ ಸಾಲುಗಳನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಸಿಕೊಂಡರೆ ಸಾಕು. ಸಿಪ್ಯಾನೆಲ್‌ನಲ್ಲಿ ಅಳಿಸಿದ್ದು ಟ್ರ್ಯಾಶ್‌ಗೆ ಹೋಗಿದ್ದರೆ ಅಲ್ಲಿಂದಲೂ ತೆಗೆಯಿರಿ, ಅದೂ ಜಾಗ ತಿನ್ನುತ್ತದೆ. ಪ್ಲಗಿನ್‌ಗಳಿಗೆ ತಮ್ಮದೇ ಡೀಬಗ್ ಸ್ವಿಚ್ ಇದ್ದರೆ ಅದನ್ನೂ ನೋಡಿ, ಮುಖ್ಯ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಅವು ನಿಲ್ಲಬೇಕೆಂದಿಲ್ಲ.

ಕೊನೆಗೆ ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು ನಿಮ್ಮ ಸೈಟಿನ ವಿಳಾಸದ ಕೊನೆಗೆ /ಡಬ್ಲ್ಯೂಪಿ-ಕಂಟೆಂಟ್/ಡೀಬಗ್.ಲಾಗ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ನೋಡಿ. 403 (ಪ್ರವೇಶವಿಲ್ಲ) ಅಥವಾ 404 (ಸಿಗಲಿಲ್ಲ) ಬರಬೇಕು. ಅಕ್ಷರಗಳು ಕಂಡರೆ ಫೈಲ್ ಇನ್ನೂ ಅಲ್ಲೇ ಇದೆ, ಲೋಕಕ್ಕೆಲ್ಲ ಕಾಣುತ್ತಿದೆ.

ಬುಕಿಂಗ್ ಮೇಲ್ ಬರುತ್ತಿಲ್ಲ. ಲಾಗ್‌ನಲ್ಲಿ ಏನೂ ಇಲ್ಲ.

ಮೇಲ್ ಹೋಗದಿದ್ದರೆ ಡೀಬಗ್ ಲಾಗ್‌ನಲ್ಲಿ ಅದು ಬೀಳದಿರುವುದೇ ಜಾಸ್ತಿ. ಎಸ್‌ಎಂಟಿಪಿ (ಮೇಲ್ ಕಳಿಸುವ) ಪ್ಲಗಿನ್ ಹಾಕಿ ಅದರ ಮೇಲ್ ಲಾಗ್ ನೋಡಿ. ಅಳತೆ ಮೀರಿದ ಫೋಟೋಗಳಿಂದ ಹೊಸನಗರದ ಒಳಹಳ್ಳಿಯಲ್ಲಿ ಸೈಟು ತೆರೆಯದಿರುವುದು, ಡೊಮೇನ್ ಅವಧಿ ಮುಗಿದಿರುವುದು, ಬೀಗದ ಗುರುತಿನ ಸರ್ಟಿಫಿಕೇಟ್ ನವೀಕರಣ ಆಗದಿರುವುದು, ಬಟನ್ ಒತ್ತಿದರೂ ಏನೂ ಆಗದಿರುವುದು, ಇವು ಕೂಡ ಈ ಲಾಗ್‌ಗೆ ಗೊತ್ತಾಗುವುದಿಲ್ಲ. ಲಾಗ್ ಖಾಲಿ ಇದೆ ಎಂಬುದೂ ಒಂದು ಸುಳಿವೇ. ಹುಡುಕಾಟ ಬೇರೆ ಕಡೆ ಸಾಗಲಿ.

ಗ್ರಾಹಕರ ಹಣ ಕಟ್ ಆಗಿದೆ, ಆರ್ಡರ್ ಬಂದಿಲ್ಲ.

ವೂಕಾಮರ್ಸ್ (ಆನ್‌ಲೈನ್ ಅಂಗಡಿಯ ಪ್ಲಗಿನ್) ಇದ್ದರೆ ಅದರದ್ದೇ ಲಾಗ್ ಇದೆ. ವೂಕಾಮರ್ಸ್ ಮೆನುವಿನಲ್ಲಿ ಸ್ಟೇಟಸ್, ಅದರೊಳಗೆ ಲಾಗ್ಸ್. ಪೇಮೆಂಟ್ ಗೇಟ್‌ವೇ ಸೆಟ್ಟಿಂಗ್‌ನಲ್ಲಿ ಡೀಬಗ್ ಎಂಬ ಆಯ್ಕೆ ಬೇರೆ ಇದ್ದರೆ ಒಂದು ಸಣ್ಣ ಮೊತ್ತದ ಆರ್ಡರ್ ಹಾಕಿ ನೋಡುವಷ್ಟು ಹೊತ್ತು ಆನ್ ಮಾಡಿ. ಹಣದ ವಿಷಯ, ಇದನ್ನಂತೂ ಒಂದು ದಿನವೂ ಹೆಚ್ಚಿಗೆ ಬಿಡಬೇಡಿ. ಗ್ರಾಹಕರಿಗೆ ಮೊದಲು ಫೋನ್ ಮಾಡಿ ವಿಷಯ ತಿಳಿಸಿ, ಲಾಗ್ ಆಮೇಲೆ ಓದಬಹುದು.

ಲಾಗ್ ಫೈಲನ್ನು ವಾಟ್ಸಾಪ್ ಗುಂಪಿಗೆ ಹಾಕಿ ಸಹಾಯ ಕೇಳಲಾ?

ಪೂರ್ತಿ ಫೈಲ್ ಹಾಕಬೇಡಿ. ತಪ್ಪು ಬಿದ್ದ ಆಸುಪಾಸಿನ ಕೆಲವು ಸಾಲು ಸಾಕು. ಅದರಲ್ಲಿ ಇಮೇಲ್, ಫೋನ್ ನಂಬರ್, ಹೋಸ್ಟಿಂಗ್ ಖಾತೆಯ ಹೆಸರು ಇದ್ದರೆ ಅಳಿಸಿ ಕಳಿಸಿ. ನಿಮ್ಮನ್ನು ನಂಬಿ ನಂಬರ್ ಕೊಟ್ಟ ಅತಿಥಿಯ ವಿವರ ಅದು, ಅಲ್ವಾ? ಹೋಸ್ಟಿಂಗ್‌ನವರಿಗೆ ಬರೆಯುವಾಗ ಪುಟದ ವಿಳಾಸ, ನಮ್ಮ ಗಡಿಯಾರದ ಸಮಯ, ಆ ಸಾಲುಗಳು, ಈ ಮೂರನ್ನೂ ಕೊಡಿ. "ಸೈಟು ಓಪನ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಅವರು ಇವನ್ನೇ ಕೇಳಿ ವಾಪಸ್ ಬರೆಯುತ್ತಾರೆ, ಒಂದು ದಿನ ಹೋಗುತ್ತದೆ.

ನಮ್ಮದು ವರ್ಡ್‌ಪ್ರೆಸ್ ಅಲ್ಲ.

ಜೂಮ್ಲಾದಲ್ಲಿ ಗ್ಲೋಬಲ್ ಕಾನ್ಫಿಗರೇಶನ್ ಒಳಗೆ ಸಿಸ್ಟಮ್ ಎಂಬಲ್ಲಿ ಡೀಬಗ್ ಸ್ವಿಚ್ ಇದೆ. ಲಾರಾವೆಲ್‌ನಲ್ಲಿ ಎನ್ವ್ ಫೈಲಿನ ಆಪ್_ಡೀಬಗ್ ಸಾಲು, ಲಾಗ್ ಬೀಳುವುದು ಸ್ಟೋರೇಜ್ ಒಳಗಿನ ಲಾಗ್ಸ್ ಫೋಲ್ಡರ್‌ಗೆ. ಲಾರಾವೆಲ್‌ನವರು ಇನ್ನೂ ಹುಷಾರಾಗಿರಬೇಕು. 2021ರಲ್ಲಿ ಅದರ ಇಗ್ನಿಷನ್ ಎಂಬ ಭಾಗದಲ್ಲಿ ಸಿಕ್ಕ ದೋಷದಿಂದ, ಡೀಬಗ್ ಆನ್ ಇದ್ದ ಸೈಟಿನಲ್ಲಿ ಹೊರಗಿನವರು ತಮ್ಮ ಕೋಡ್ ಓಡಿಸಲು ಸಾಧ್ಯವಾಗಿತ್ತು. ಜಾಂಗೋದಲ್ಲಿ ಸೆಟ್ಟಿಂಗ್ಸ್ ಫೈಲಿನ ಡೀಬಗ್ ಸಾಲು. ಸಾರ್ವಜನಿಕ ಸೈಟಿನಲ್ಲಿ ಅದನ್ನು ಎಂದೂ ಟ್ರೂ ಮಾಡಬೇಡಿ, ಲಾಗಿಂಗ್ ಅನ್ನು ಬೇರೆಯಾಗಿ ಹೊಂದಿಸಿಕೊಳ್ಳಿ. ಮೈಕ್ರೋಸಾಫ್ಟ್ ಅಜೂರ್ ಆಪ್ ಸರ್ವಿಸ್‌ನಲ್ಲಿ ಫೈಲ್‌ಸಿಸ್ಟಮ್ ಲಾಗ್ ಆನ್ ಮಾಡಿದರೆ 12 ಗಂಟೆಗೆ ತಾನಾಗಿ ಆಫ್ ಆಗುತ್ತದೆ. ಎಲ್ಲ ಕಡೆ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಯಾವ ಹೊತ್ತಿನಲ್ಲಿ ಆನ್ ಮಾಡುವುದು ಒಳ್ಳೆಯದು?

ಸೈಟು ನಿಂತೇ ಹೋಗಿದ್ದರೆ ಈಗಲೇ. ಇಲ್ಲದಿದ್ದರೆ ಜನ ಕಡಿಮೆ ಇರುವ ಹೊತ್ತು ನೋಡಿ. ದರದ ಪುಟ ಇರುವವರು ಮಾರುಕಟ್ಟೆ ನಡೆಯುವ ಹೊತ್ತು ಬಿಡಿ, ಹೋಮ್‌ಸ್ಟೇಯವರು ಶುಕ್ರವಾರ ಸಂಜೆ ಬಿಡಿ. ಹೋಸ್ಟಿಂಗ್‌ನಲ್ಲಿ ಸ್ಟೇಜಿಂಗ್ ಸೌಲಭ್ಯ ಇದ್ದರೆ ಸೈಟಿನ ನಕಲು ಮಾಡಿಕೊಂಡು ಅದರಲ್ಲೇ ಪರೀಕ್ಷಿಸಿ. ಆನ್ ಮಾಡಿದ ಕೂಡಲೇ ಆಫ್ ಮಾಡಲು ಫೋನಿನಲ್ಲಿ ಒಂದು ಅಲಾರಾಂ ಇಟ್ಟುಕೊಳ್ಳಿ.

ಪಾಸ್‌ವರ್ಡ್ ಎಲ್ಲಾ ಸೈಟು ಮಾಡಿಕೊಟ್ಟವರ ಹತ್ತಿರವೇ ಇದೆ. ಏನು ಮಾಡಲಿ?

ಅವರಿಗೆ ಫೋನ್ ಮಾಡಿ ಕೇಳಿ, ಸೈಟು ಚೆನ್ನಾಗಿ ಓಡುತ್ತಿರುವಾಗಲೇ ಕೇಳಿ. ಡೊಮೇನ್ ಖಾತೆ, ಹೋಸ್ಟಿಂಗ್ ಖಾತೆ, ವರ್ಡ್‌ಪ್ರೆಸ್ ಅಡ್ಮಿನ್, ಮೂರೂ ನಿಮ್ಮ ಇಮೇಲ್‌ಗೆ ಸೇರಿರಬೇಕು. ದುಡ್ಡು ಕಟ್ಟುವವರು ನೀವು, ಕೇಳಲು ಸಂಕೋಚ ಬೇಡ.

ವರ್ಡ್‌ಪ್ರೆಸ್ ಒಳಗೆ ಸೆಟ್ಟಿಂಗ್ಸ್, ಜನರಲ್ ಎಂಬಲ್ಲಿ ಅಡ್ಮಿನ್ ಇಮೇಲ್ ಯಾರದ್ದಿದೆ ನೋಡಿ. 2019ರ 5.2 ಆವೃತ್ತಿಯಿಂದ, ಸೈಟು ಫೇಟಲ್ ತಪ್ಪಿನಿಂದ ನಿಂತರೆ ವರ್ಡ್‌ಪ್ರೆಸ್ ಆ ವಿಳಾಸಕ್ಕೆ ಮೇಲ್ ಕಳಿಸಲು ನೋಡುತ್ತದೆ. ಯಾವ ಪ್ಲಗಿನ್ ಕಾರಣ ಎಂದು ಹೇಳಿ, ಒಳಗೆ ಹೋಗಲು ಒಂದು ಕೊಂಡಿಯನ್ನೂ ಕೊಡುತ್ತದೆ. ಎಷ್ಟೋ ಸಲ ಡೀಬಗ್ ಆನ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಆ ಮೇಲ್ ಹಳೆಯ ಹುಡುಗನ ಇನ್‌ಬಾಕ್ಸ್‌ಗೆ ಹೋಗುತ್ತಿದ್ದರೆ ಇವತ್ತೇ ನಿಮ್ಮದಕ್ಕೆ ಬದಲಿಸಿ. ಬದಲಿಸಿದ ಮೇಲೆ ಹೊಸ ವಿಳಾಸಕ್ಕೆ ಒಂದು ದೃಢೀಕರಣದ ಮೇಲ್ ಬರುತ್ತದೆ. ಅದರಲ್ಲಿರುವ ಕೊಂಡಿ ಒತ್ತುವ ತನಕ ಹಳೆಯ ವಿಳಾಸವೇ ಇರುತ್ತದೆ.